ಕುದಿಸಿದ ನೀರಿನಲ್ಲಿ ಕಂಡದ್ದು

ಶಾಲೆಯಿಂದ ವಾಪಸು ಬಂದ ಮಗಳ ನೀರಿನ ಬಾಟಲಿಯನ್ನು ತಾಯಿ ಕೈಯಲ್ಲಿ ತೂಗಿ ನೋಡಿದಳು. ಬೆಳಿಗ್ಗೆ ಎಷ್ಟು ಭಾರವಿತ್ತೋ ಈಗಲೂ ಅಷ್ಟೇ. ಇದು ಮೂರನೆಯ ದಿನ. ಏಳು ವರ್ಷದ ದೊಡ್ಡ ಮಗಳು ಮೂರು ದಿನದಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿರಲಿಲ್ಲ. ಕಿತ್ತಳೆ ತೊಳೆ ಚೀಪಿಕೊಂಡು, ದ್ರಾಕ್ಷಿ ಜಗಿದುಕೊಂಡು ಕಾಲ ತಳ್ಳುತ್ತಿದ್ದಳು. ತುಟಿ ಬಿರಿದಿತ್ತು. ನಾಲ್ಕು ವರ್ಷದ ಚಿಕ್ಕವಳು ಅಕ್ಕನನ್ನು ನೋಡಿ ನೋಡಿ, ತನ್ನ ಲೋಟವನ್ನೂ ಒಂದೇ ಬೆರಳಿನಿಂದ ಆಚೆ ತಳ್ಳುವುದನ್ನು ಕಲಿಯುತ್ತಿದ್ದಳು. ಒಬ್ಬಳಾದ ಮೇಲೆ ಇನ್ನೊಬ್ಬಳು. ಆ ಯೋಚನೆ ತಲೆಗೆ ಬಂದಾಗಲೆಲ್ಲ ತಾಯಿ ಚಿಕ್ಕವಳ ಲೋಟವನ್ನು ಮತ್ತೆ ಅವಳ ಮುಂದಕ್ಕೆ ಸರಿಸುತ್ತಿದ್ದಳು.

ಇದಕ್ಕೆಲ್ಲ ಯಾರು ಕಾರಣ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಭಾವನವರು. ಗಂಡನ ಒಡಹುಟ್ಟಿದ ಅಣ್ಣ. ಅವಳ ಮನಸ್ಸಿನೊಳಗಿನ ಹೆಸರು, ಗಾಜಿನ ಭಾವ.

ಇಪ್ಪತ್ತೆಂಟು ವರ್ಷ ಒಂದು ಕ್ಲಿನಿಕ್ಕಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ಊರವರ ರಕ್ತ, ಕಫ, ಮೂತ್ರ ಇಷ್ಟನ್ನೇ ಗಾಜಿನ ಮೇಲಿಟ್ಟು ನೋಡಿದ ಮಹಾನುಭಾವರು ಅವರು. ಬೇರೆಯವರು ಮೂಗು ಮುಚ್ಚಿಕೊಂಡು ತಂದುಕೊಡುವುದನ್ನು ಇವರು ಕಣ್ಣು ಬಿಟ್ಟುಕೊಂಡು ನೋಡುವರು. ಮದುವೆ ಆಗಲಿಲ್ಲ, ಯಾರು ಆದಾರು? ಮೈಯಿಂದ ಸದಾ ಸ್ಪಿರಿಟ್ಟಿನ ವಾಸನೆ. ಚಹಾ ಕೊಟ್ಟರೆ ಲೋಟವನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಆಮೇಲೆ ಕುಡಿಯುವುದು. ತಟ್ಟೆ, ಪುಸ್ತಕ, ಕೊನೆಗೆ ಮಕ್ಕಳ ಪ್ರಗತಿಪತ್ರವನ್ನೂ ಅಂಚಿನಲ್ಲಿ ಮಾತ್ರ ಎರಡು ಬೆರಳಿನಿಂದ ಹಿಡಿಯುವುದು, ಬೆರಳಚ್ಚು ಬಿದ್ದೀತೆಂಬಂತೆ. ಸ್ವೆಟರಿನ ಮೊಣಕೈ ಎರಡೂ ಕಡೆ ಸವೆದು ಜಾಲರಿಯಾಗಿತ್ತು. ವರ್ಷಾನುಗಟ್ಟಲೆ ಅದೇ ಮೇಜಿಗೆ ಮೊಣಕೈ ಊರಿ ಕೂತವರು ಬೇರೆ ಏನನ್ನು ಸಂಪಾದಿಸಿಯಾರು!

ಅವಳಾದರೋ ಜೀವಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೇಳು ತೆಗೆದವಳು. ಸೂಕ್ಷ್ಮದರ್ಶಕದ ಚಿತ್ರ ಬರೆದು, ಹನ್ನೊಂದು ಭಾಗಗಳಿಗೂ ಸ್ಕೇಲಿನಲ್ಲಿ ಗೆರೆ ಎಳೆದು ಹೆಸರಿಸಿದವಳು. ಅದರೊಳಗೆ ಕಣ್ಣಿಟ್ಟು ನೋಡಿದ್ದು ಮಾತ್ರ ಒಂದೇ ಸಲ, ಸರದಿಯಲ್ಲಿ ನಲವತ್ತನೆಯವಳಾಗಿ. ಕಂಡದ್ದು ತನ್ನದೇ ರೆಪ್ಪೆಗೂದಲು.

ಕ್ಲಿನಿಕ್ಕಿಗೆ ಹೊಸ ಯಂತ್ರ ಬಂದು ಹಳೆಯ ಸೂಕ್ಷ್ಮದರ್ಶಕ ಮೂಲೆಗೆ ಬಿದ್ದಾಗ, ಭಾವನವರು ಕೇಳಿ ಪಡೆದು, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಇವರ ಮನೆಗೆ ತಂದರು. ಇಟ್ಟದ್ದು ಎಲ್ಲಿ? ಊಟದ ಮೇಜಿನ ಮೇಲೆ!

"ಭಾವ, ಅದರಲ್ಲಿ ಏನೇನು ನೋಡಿರ್ತಾರೋ ಏನೋ. ನಾವು ಉಣ್ಣೋ ಜಾಗ ಅದು."

"ನೋಡಿದ್ದೆಲ್ಲ ಗಾಜಿನ ಮೇಲಿತ್ತಮ್ಮ, ಇದಕ್ಕೇನೂ ಅಂಟಿಲ್ಲ. ಮಿಡತೆ, ಬಾ ಇಲ್ಲಿ."

ಮಿಡತೆ ಎಂದರೆ ದೊಡ್ಡವಳು. ಕಾಲು ಉದ್ದ ಎಂದು ಅವರೇ ಇಟ್ಟ ಹೆಸರು. ಅಷ್ಟು ಹುಡುಕಿ ಇಟ್ಟ ಚೆಂದದ ಹೆಸರಿರುವಾಗ ಮಗಳು ಮಿಡತೆ ಎಂದರೆ ಓಡುವುದನ್ನು ಕಂಡು ತಾಯಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರು ಭಾನುವಾರ ಅದೇ ನಡೆಯಿತು. ಈರುಳ್ಳಿಯ ಸಿಪ್ಪೆ, ಉಪ್ಪಿನ ಹರಳು, ಸತ್ತ ನೊಣದ ರೆಕ್ಕೆ. ನಾಲ್ಕನೆಯ ಭಾನುವಾರ ಹೂದಾನಿಯಲ್ಲಿ ಕೊಳೆತಿದ್ದ ನೀರಿನ ಹನಿ. ಭಾವನವರು ಹನಿಯನ್ನು ಗಾಜಿನ ಮೇಲಿಟ್ಟು, ಉಗುರಿಗಿಂತ ತೆಳ್ಳಗಿನ ಮುಚ್ಚುಗಾಜನ್ನು ಒಂದು ಅಂಚಿನ ಮೇಲೆ ನಿಲ್ಲಿಸಿ, ಇನ್ನೊಂದು ಅಂಚನ್ನು ಸೂಜಿಗೆ ಒರಗಿಸಿ, ಉಸಿರು ಬಿಗಿಹಿಡಿದು ಓರೆಯಾಗಿ ಇಳಿಸಿದರು.

"ನಿಧಾನ ಮಿಡತೆ. ನಿದ್ದೆ ಬಂದ ಕೂಸನ್ನ ಹಾಸಿಗೇಲಿ ಮಲಗಿಸ್ತೀವಲ್ಲ, ಹಾಗೆ."

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. "ಕೂಸು ಮಲಗಿಸಿ ಕೈ ಪಳಗಿರೋರ ಹಾಗೆ ಹೇಳ್ತೀರಲ್ಲ ಭಾವ!"

ಭಾವನವರು ಸೂಜಿಯನ್ನು ಕೆಳಗಿಟ್ಟರು, ತಲೆ ಎತ್ತಲಿಲ್ಲ. ಮಗಳಿಗೆ ಹನಿಯೊಳಗೆ ಚಪ್ಪಲಿಯಾಕಾರದ ಜೀವಿಗಳು ಈಜುವುದನ್ನು ತೋರಿಸಿ ಮುಗಿಸಿದರು. "ನಾವು ಕುಡಿಯೋ ನೀರಲ್ಲೂ ಇರ್ತಾವಾ ದೊಡ್ಡಪ್ಪ?" ಎಂದಳು ಮಗಳು. "ಚೆನ್ನಾಗಿ ಕುದಿಸಿದ ನೀರಲ್ಲಿ ಈಜಾಡೋವು ಒಂದೂ ಇರಲ್ಲ. ಬೇಕಾದ್ರೆ ನೀನೇ ನೋಡ್ಕೊ" ಎಂದರು. ಮಸೂರವನ್ನು ಬಟ್ಟೆಯಿಂದ ಒರೆಸಿ, ಯಂತ್ರವನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಅದಾದ ಮೇಲೆ ಒಂದು ಭಾನುವಾರ ಕಳೆಯಿತು, ಬರಲಿಲ್ಲ. ಹೋದರೆ ಪೀಡೆ ಹೋಯಿತು ಎಂದುಕೊಂಡಳು.

ಆ ಭಾನುವಾರ ಮಗಳೇ ಹಟ ಹಿಡಿದಳು, ಕುದಿಸಿದ ನೀರು ನೋಡಬೇಕೆಂದು. ಇದಕ್ಕೆ ಯಾವ ಗಾಜಿನ ಭಾವ ಬೇಕು? ತೊಂಬತ್ತೇಳು ಅಂಕದವಳು ಹತ್ತು ನಿಮಿಷ ನೀರು ಕುದಿಸಿ, ಆರಿಸಿ, ಹನಿ ಹಾಕಿ, ಮುಚ್ಚುಗಾಜನ್ನು ಅದರ ಮೇಲೆ ಧೊಪ್ಪನೆ ಬಿಟ್ಟಳು. ಸೂಜಿಯಂತೆ, ಕೂಸಂತೆ!

ಮಗಳು ಕಣ್ಣಿಟ್ಟವಳೇ ಹಿಂದೆ ಸರಿದಳು. "ಅಮ್ಮಾ, ಇವೆ. ದೊಡ್ಡ ದೊಡ್ಡವು."

ಇದ್ದವು. ದುಂಡಗೆ, ಸುತ್ತ ಕಾಡಿಗೆ ತೀಡಿದಂತೆ ದಪ್ಪ ಕಪ್ಪು ಅಂಚು, ನಡುವೆ ಹೊಳೆಯುವ ಕಣ್ಣು. ಹೂದಾನಿಯವು ಇವುಗಳ ಮುಂದೆ ಮರಿಗಳು.

"ಅಲ್ಲಾಡ್ತಾ ಇಲ್ಲ ನೋಡು ಕಂದ, ಸತ್ತಿವೆ" ಎಂದಳು ತಾಯಿ, ಧೈರ್ಯ ಹೇಳುವ ಭರದಲ್ಲಿ.

"ಹಾಗಾದ್ರೆ ನಾನು ಹೆಣ ಕುಡೀಬೇಕಾ?"

ಮತ್ತೆ ಇಪ್ಪತ್ತು ನಿಮಿಷ ಕುದಿಸಿದಳು. ಇನ್ನೊಂದು ಹನಿ, ಇನ್ನೊಂದು ಧೊಪ್. ಈ ಸಲ ಒಂಬತ್ತು. ಅಲ್ಲಿಗೆ ನೀರಿಗೆ ಮಗಳ ಬಾಯಿ ಮುಚ್ಚಿತು.

ಮೂರು ದಿನದಲ್ಲಿ ಅವಳು ಕೇಳದ ಜನರಿಲ್ಲ. ಶಾಲೆಯ ತಾಯಂದಿರ ಗುಂಪಿನಲ್ಲಿ ಒಬ್ಬಳು ಫಿಲ್ಟರ್ ಬದಲಾಯಿಸಿ ಎಂದಳು, ಇನ್ನೊಬ್ಬಳು ಮನೆಯನ್ನೇ ಬದಲಾಯಿಸಿ ಎಂದಳು, ಮೂರನೆಯವಳು ಕೈ ಜೋಡಿಸಿದ ಚಿತ್ರ ಹಾಕಿ ಸುಮ್ಮನಾದಳು. ವಿಜ್ಞಾನದ ಮೇಡಂ, "ಆಸಕ್ತಿಕರ ಪ್ರಶ್ನೆ, ಹೀಗೆ ಕೇಳ್ತಾ ಇರಿ" ಎಂದು ಬರೆದರು. ಅವರೆಲ್ಲರ ಡಿಗ್ರಿಗಳನ್ನು ಸೇರಿಸಿ ಹಿಂಡಿದರೂ ಒಂದು ಲೋಟ ನೀರು ಇಳಿಯಲಿಲ್ಲ.

"ಅಣ್ಣನಿಗೆ ಒಂದು ಫೋನ್ ಮಾಡು, ಮುಗೀತು" ಎಂದ ಗಂಡ, ಪತ್ರಿಕೆಯಿಂದ ತಲೆ ಎತ್ತದೆ.

"ನೀವೇ ಮಾಡಿ."

"ನಾನ್ಯಾಕೆ? ಅವತ್ತು ಆ ಮಾತು ಆಡಿದ್ದು ನಾನಾ?"

ಗಂಡನೆಂಬ ಈ ಪ್ರಾಣಿಯನ್ನೂ ಒಂದು ಸಲ ಗಾಜಿನ ಮೇಲಿಟ್ಟು ನೋಡಬೇಕು ಎನಿಸಿತು ಅವಳಿಗೆ.

ಈಗ ಬಾಟಲಿ ಅವಳ ಕೈಯಲ್ಲಿತ್ತು, ತುಂಬಿದ್ದು ತುಂಬಿದಂತೆ. ಮಗಳು ಸೋಫಾದಲ್ಲಿ ಚೀಲವನ್ನೂ ಕಳಚದೆ ಒರಗಿದ್ದಳು. "ತಲೆ ಸುತ್ತತ್ತೆ ಅಮ್ಮ" ಎಂದಳು. ಪಕ್ಕದಲ್ಲಿ ಚಿಕ್ಕವಳು, "ನಂಗೂ" ಎಂದಳು.

ಅವಳು ಫೋನ್ ತೆಗೆದುಕೊಂಡು ಒತ್ತಿದಳು. ಎರಡನೆಯ ರಿಂಗಿಗೇ ಎತ್ತಿದರು. ಕೆಲಸವಿಲ್ಲದವರು!

"ಹೇಳಮ್ಮ."

ಅವಳು ಹೇಳಿದಳು, ಒಂದೇ ಉಸಿರಿಗೆ, ತಪ್ಪೆಲ್ಲ ನೀರಿನದು ಎಂಬಂತೆ.

"ದುಂಡಗಿವೆಯಾ?"

"ಹೂಂ."

"ಸುತ್ತ ದಪ್ಪ ಕಪ್ಪು ಅಂಚು, ನಡುವೆ ಹೊಳಪು?"

"ಹೂಂ ಭಾವ."

"ಮುಚ್ಚುಗಾಜು ಹೇಗೆ ಹಾಕಿದೆ?"

ಅವಳಿಗೆ ಸೂಜಿ, ಓರೆ, ಉಸಿರು ಬಿಗಿಹಿಡಿದ ಆ ಮುಖ, ಎಲ್ಲವೂ ಒಟ್ಟಿಗೆ ನೆನಪಾಯಿತು. ತನ್ನ ನಗುವೂ.

"ಮೇಲಿಂದ ಬಿಟ್ಟೆ. ಧೊಪ್ಪಂತ."

"ಗಾಳಿಯಮ್ಮ ಅದು. ಅಡೀಲಿ ಸಿಕ್ಕಿಹಾಕಿಕೊಂಡ ಗುಳ್ಳೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನೇ ಎಣಿಸಿ ಬರೆದುಕೊಟ್ಟು ಬೈಸಿಕೊಂಡಿದ್ದೆ. ಫೋನ್ ಮಿಡತೆಗೆ ಕೊಡು."

ಗೆದ್ದ ದನಿಯಲ್ಲಿ ಹೇಳಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಈ ಮನುಷ್ಯನಿಗೆ ಅದೂ ಬರುವುದಿಲ್ಲ. ಅವಳು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಬಾಟಲಿಯಿಂದಲೇ ಒಂದು ಹನಿ ತೆಗೆದು ಗಾಜಿಗೆ ಹಾಕಿದಳು.

"ಒಂದು ಅಂಚು ಮೊದಲು ತಾಗಿಸು ಮಿಡತೆ. ಇನ್ನೊಂದು ಸೂಜಿ ಮೇಲೆ. ಈಗ ಇಳಿಸು, ನಿಧಾನಕ್ಕೆ." ಕೂಸಿನ ಮಾತು ಅವರು ಎತ್ತಲಿಲ್ಲ. ಅಲ್ಲೊಂದು ಚಿಕ್ಕ ಖಾಲಿ ಜಾಗ ಬಿಟ್ಟು ಮುಂದೆ ಹೋದರು. ತಾಯಿಯ ಕಿವಿ ಬಿಸಿಯಾಯಿತು.

ಮಗಳು ಬಹಳ ಹೊತ್ತು ನೋಡಿದಳು. "ಒಂದೂ ಇಲ್ಲ ದೊಡ್ಡಪ್ಪ. ಬರೀ ಬೆಳಕು." ಆಮೇಲೆ ಯೋಚಿಸಿ, "ಗಾಳಿ ಕುಡಿದ್ರೆ ಏನಾಗತ್ತೆ?"

"ತೇಗು ಬರತ್ತೆ, ಅಷ್ಟೇ."

ಮಿಡತೆ ಬಾಟಲಿ ಎತ್ತಿದಳು. ಗಟಗಟ ಸದ್ದು ಆ ಕಡೆಯವರೆಗೂ ಕೇಳಿಸಿರಬೇಕು. ಚಿಕ್ಕವಳು "ನಂಗೂ" ಎಂದಳು.

"ಭಾವ," ಎಂದಳು ಅವಳು, ಫೋನನ್ನು ಅಂಚಿನಲ್ಲಿ ಹಿಡಿದು, "ಭಾನುವಾರ ಬನ್ನಿ. ಮೇಜು ಖಾಲಿ ಮಾಡಿಟ್ಟಿರ್ತೀನಿ."