ಸಿ ಡ್ರೈವ್‌ನಲ್ಲಿ ಏನೂ ಇಲ್ಲ

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕುಂದಗೋಳದಿಂದ ನಮ್ಮ ಅಣ್ಣಿಗೇರಿಯ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಮುಚ್ಚಿಡುವುದೇನಿದೆ? ಆಕೆ ಬಡಿದ ರೊಟ್ಟಿ ಪ್ರತಿ ಸಲವೂ ಉಬ್ಬುತ್ತಿತ್ತು. ನನ್ನ ಮಗಳು ಶಾಲೆಯಿಂದ ಬಂದವಳೇ "ಕಾಕಿ ಎಲ್ಲದಾಳ?" ಎನ್ನುತ್ತಿದ್ದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನನ್ನು ಒಮ್ಮೆಯೂ ಹೊಗಳದ ಗಂಡ, "ಭಾರಿ ಶ್ಯಾಣ್ಯಾಕಿ ಅದಾಳ ನೋಡು" ಎಂದ, ಅದೂ ನಾನು ಬಡಿಸುತ್ತಿರುವಾಗಲೇ. ಸಾರಿನ ಸೌಟು ತಲೆಗೆ ಬೀಳದಿದ್ದದ್ದು ಅವನ ಪುಣ್ಯ.

ನನ್ನದು ಅಂತ ಇದ್ದದ್ದು ಒಂದೇ ಜಾಗ: ಮನೆಯ ಮುಂದಿನ ಕೋಣೆಯ ಝೆರಾಕ್ಸ್ ಅಂಗಡಿ, ಅದರೊಳಗಿನ ಕಂಪ್ಯೂಟರ್, ಅದರ ಮುಂದಿನ ಕುರ್ಚಿ. ಹನ್ನೆರಡು ವರ್ಷ ಆ ಕುರ್ಚಿಯಲ್ಲಿ ಕೂತು ಊರಿನ ಲಗ್ನಪತ್ರಿಕೆ, ಕರಾರುಪತ್ರ, ತಹಶೀಲ್ದಾರರಿಗೆ ಕೊಡುವ ಅರ್ಜಿ, ತೀರಿಕೊಂಡವರ ಫೋಟೋದ ಕೆಳಗಿನ ಎರಡು ಸಾಲು, ಎಲ್ಲವನ್ನೂ ನಾನೇ ಟೈಪ್ ಮಾಡಿದ್ದೆ. "ಅಕ್ಕಾರ, ನಮ್ಮ ಅಣ್ಣಂದು ಮಾಡಿದ್ರಲ್ಲಾ, ಹಂಗ ಮಾಡ್ರಿ" ಅಂತ ಯಾರಾದರೂ ಬಂದರೆ ಹಳೆಯದನ್ನು ತೆಗೆದು ಹೆಸರು ಬದಲಿಸಿದರಾಯಿತು. ಆ ಕುರ್ಚಿಯಲ್ಲಿ ಆಕೆಯನ್ನು ಒಂದು ದಿನವೂ ಕೂರಗೊಟ್ಟಿರಲಿಲ್ಲ. ಕಂಪ್ಯೂಟರ್ ಡಿಗ್ರಿ ಮಾಡಿದವಳು ಎಂಬ ಕಾರಣಕ್ಕೇ ಕೂರಗೊಟ್ಟಿರಲಿಲ್ಲ.

ಗಿರಾಕಿಗಳ ಪೆನ್ ಡ್ರೈವ್‌ಗಳಿಂದ ವೈರಸ್ ಹತ್ತಿ ಹತ್ತಿ ಒಂದು ಸೋಮವಾರ ಕಂಪ್ಯೂಟರ್ ಏಳಲೇ ಇಲ್ಲ. ಕರಿ ಪರದೆ, ಅದರ ಮೇಲೆ ಬಿಳಿಯ ಎರಡು ಸಾಲು. ಹುಬ್ಬಳ್ಳಿಯ ರಿಪೇರಿಯವನು ಗುರುವಾರ ಬರುತ್ತೇನೆಂದ. ಪಡಸಾಲೆಯಲ್ಲಿ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ನೆಗೆಣ್ಣಿ ಅವರ ಬಾಜು ಹೋಗಿ, "ನಾ ನೋಡ್ಲೇನ್ರಿ ಅತ್ತಿ? ವಿಂಡೋಸ್ ಬದಲಿ ಲಿನಕ್ಸ್ ಹಾಕಿದ್ರ ರೊಕ್ಕ ಬೇಕಾಗೂದಿಲ್ಲ, ವೈರಸ್ ಕಾಟಾನೂ ಕಡಿಮಿ" ಎಂದಳು.

ಅತ್ತೆ ಮೊರದಿಂದ ತಲೆ ಎತ್ತದೆ, "ನೋಡು ಯವ್ವಾ. ಚಾಲೂ ಆತಂದ್ರ ನಾಳಿಂದ ನೀನೂ ಅಂಗಡ್ಯಾಗ ಕುಂಡ್ರು. ಆಕಿ ಒಬ್ಬಾಕಿ ಎಷ್ಟಂತ ಮಾಡ್ತಾಳ" ಎಂದುಬಿಟ್ಟರು. ನನ್ನ ಮೇಲಿನ ಕರುಣೆಯಂತೆ! ನನಗೆ ಕೇಳಿಸಿದ್ದು ಒಂದೇ, ಕುರ್ಚಿ ಹೋಯಿತು.

ಆಕೆ ತನ್ನ ಪೆನ್ ಡ್ರೈವ್ ಚುಚ್ಚಿ ಯಂತ್ರವನ್ನು ಎಬ್ಬಿಸಿದಳು. ನಾನು ಬೆನ್ನ ಹಿಂದೆ ಕೈಕಟ್ಟಿ ನಿಂತೆ. ಎಲ್ಲಾದರೂ ತಪ್ಪಲಿ, ತಪ್ಪಲಿ ಎಂದು ಮನಸ್ಸಿನಲ್ಲಿ ಜಪ. ತಪ್ಪಲಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ತಾನೇ ಎಲ್ಲ ಮಾಡಿಕೊಳ್ಳುವ ಸುಲಭದ ದಾರಿಯೊಂದು ಪರದೆಯ ಮೇಲೆ ಇತ್ತು. ಅದನ್ನು ಬಿಟ್ಟು ಕೆಳಗಿನದನ್ನು, ನಾವೇ ಕೈಯಾರೆ ಡಿಸ್ಕನ್ನು ಪಾಲು ಮಾಡುವುದನ್ನು, ಆರಿಸಿದಳು. ಅದ್ಯಾಕೆ ಎಂದೆ.

"ಅದನ್ನ ಒತ್ತಿದ್ರ ಎಲ್ಲಾ ಹೋಗಿಬಿಡತೈತ್ರಿ ಅಕ್ಕಾರ. ನಿಮ್ಮ ಕೆಲಸ ಡಿ ಡ್ರೈವಿನ್ಯಾಗ ಇರತೈತಲ್ರಿ, ಅದನ್ನ ಮುಟ್ಟೂದಿಲ್ಲ. ಸಿ ಇದ್ದ ಜಾಗಾದಾಗ ಅಷ್ಟ ಹೊಸಾದು ಹಾಕ್ತೀನಿ."

ಡಿಸ್ಕ್ ಒಂದು ಉದ್ದನೆಯ ಬಣ್ಣದ ಪಟ್ಟಿಯಾಗಿ ಕಂಡಿತು. ಸಿ, ಡಿ ಎಂಬ ಹೆಸರುಗಳೇ ಅಲ್ಲಿರಲಿಲ್ಲ. ಆಕೆ ಗಾತ್ರ ನೋಡಿ ಯಾವುದು ಯಾವುದೆಂದು ಚೀಟಿಯಲ್ಲಿ ಬರೆದುಕೊಂಡಳು. ಸಿ ಇದ್ದ ಜಾಗವನ್ನು ಸದ್ಯಕ್ಕೆ ಪರದೆಯ ಮೇಲಷ್ಟೇ ಎರಡು ಮಾಡಿದಳು: ಸಿಸ್ಟಮ್ಮಿಗೆ ದೊಡ್ಡದು, ಮೆಮೊರಿ ಸಾಲದಾದಾಗ ಬಳಸಲು ಸಣ್ಣದು. ಡಿ ಎದುರಿನ ಫಾರ್ಮ್ಯಾಟ್ ಚೌಕದಲ್ಲಿ ಗುರುತು ಬಿದ್ದಿಲ್ಲವೆಂದು ಬೆರಳಿಟ್ಟು ಎರಡು ಸಲ ನೋಡಿದಳು. ಏನು ಅಚ್ಚುಕಟ್ಟು, ಏನು ನಿಧಾನ! ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾರ, ಸಿ ಒಳಗ ನಿಮ್ಮದೇನರ ಐತೇನ್ರಿ? ಇನ್ನೂ ಒತ್ತಿಲ್ಲ. ಬೇಕಾರ ಒಮ್ಮಿ ತಗದು ನೋಡೂಣು."

ಇತ್ತು. ಎಲ್ಲವೂ ಅಲ್ಲೇ ಇತ್ತು. ನಾನು ಯಾವತ್ತೂ ಕೆಲಸವನ್ನು ಡಿ ಒಳಗೆ ಇಟ್ಟವಳಲ್ಲ. ಕಣ್ಣೆದುರಿಗೇ ಇರಲಿ ಎಂದು ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಹರವಿಕೊಂಡಿದ್ದೆ. "ಡೆಸ್ಕ್‌ಟಾಪ್ ಅಂದ್ರ ಅದೂ ಸಿ ಒಳಗ ಬರತೈತ್ರಿ ಅಕ್ಕಾರ, ಅಲ್ಲಿ ಇಡಬ್ಯಾಡ್ರಿ" ಎಂದು ರಿಪೇರಿಯವನು ಎರಡು ಸಲ ಹೇಳಿದ್ದ. ಡಿ ಒಳಗೆ ಇದ್ದದ್ದು ಮಗಳ ಜವಳದ ಫೋಟೋಗಳು, ಒಂದಿಷ್ಟು ಹಾಡು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

"ಏನೂ ಇಲ್ಲ, ಒತ್ತು" ಎಂದೆ.

"ಖರೇನ್ರಿ?"

"ಎಷ್ಟ ಸಲ ಹೇಳ್ಬೇಕು ನಿನಗ? ಏನೂ ಇಲ್ಲ." ಪಡಸಾಲೆಗೆ ಕೇಳದಂತೆ ಹಲ್ಲು ಕಚ್ಚಿಯೇ ಗದರಿದೆ.

ಒತ್ತಿದಳು. ಹನ್ನೆರಡು ವರ್ಷದ ಕೆಲಸ ಹೋದರೆ ಹೋಗಲಿ, ಅಳಿಸಿದವಳು ಎಂಬ ಹೆಸರು ಆಕೆಗೆ ಬರಲಿ, ಕುರ್ಚಿ ನನಗೇ ಉಳಿಯಲಿ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಸಂಜೆಗೆ ಯಂತ್ರ ಚಕಚಕ ಓಡಿತು. ಅತ್ತೆ ಆಕೆಯ ಬಾಯಿಗೆ ಸಕ್ಕರೆ ಹಾಕಿದರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಕಡಲೆ ವ್ಯಾಪಾರಿಯೊಬ್ಬರು ಬಂದು, ಹಿರಿಮಗಳ ಲಗ್ನಪತ್ರಿಕೆ ಹೇಗಿತ್ತೋ ಕಿರಿಯವಳದ್ದೂ ಹಾಗೇ ಆಗಬೇಕೆಂದರು. ಕುರ್ಚಿಯಲ್ಲಿ ಕೂತು ನೋಡಿದೆ. ಡೆಸ್ಕ್‌ಟಾಪ್ ಬೋಳು. ಗೊತ್ತಿದ್ದೂ ಒಮ್ಮೆ ಹುಡುಕಿದೆ. ವ್ಯಾಪಾರಿಯನ್ನು ಸಂಜೆಗೆ ಬನ್ನಿ ಎಂದು ಕಳಿಸಿ, ರಾತ್ರಿಯೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಕೂಗಿದೆ: "ಅಯ್ಯಯ್ಯ ಅತ್ತಿ, ನನ್ನ ಹನ್ನೆರಡು ವರ್ಷದ ಕೆಲಸಾ ಎಲ್ಲಾ ಅಳಿಸಿ ಕುಂತಾಳ್ರಿ ಈಕಿ!" ಮಾತು ನಾಟಕದ್ದು, ಅಳು ಮಾತ್ರ ನಿಜವಾಗಿಯೇ ಬಂತು.

ನೆಗೆಣ್ಣಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಡಿ ತೆಗೆದಳು. ಜವಳದ ಫೋಟೋ, ಹಾಡು. ಮುಚ್ಚಿದಳು. ನನ್ನ ಮುಖ ನೋಡಿದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರೇನು ಪೆದ್ದರಲ್ಲ. ನನ್ನನ್ನೇ ಕೇಳಿದರು: "ಅಳಸೂಕಿಂತ ಮೊದಲ ಆಕಿ ನಿನ್ನ ಏನೋ ಕೇಳಿದಂಗಾತು. ನೀ ಏನಂದಿ?"

ಈಗ ಆಕೆ ಬಾಯಿ ಬಿಟ್ಟರೆ ನನ್ನ ಕಥೆ ಮುಗಿಯಿತು.

"ಕೇಳಿದ್ನಿರಿ ಅತ್ತಿ" ಎಂದಳು ಆಕೆ. "ಸಿ ಒಳಗ ಎಲ್ಲಾ ಐತಿ ಅಂತ ಅಕ್ಕಾರು ಹೇಳಿದ್ರು. ನಾನ ಗಡಿಬಿಡ್ಯಾಗ ಒತ್ತಿಬಿಟ್ಟೆ. ತಪ್ಪು ನಂದ್ರಿ."

"ಹಂಗಾರ ಇನ್ನ ಮ್ಯಾಲೆ ಅದನ್ನ ಮುಟ್ಟಬ್ಯಾಡ" ಎಂದು ಅತ್ತೆ ಒಳಗೆ ಹೋದರು. ಆಕೆಯೂ ರೊಟ್ಟಿ ಬಡಿಯಲು ಹೋದಳು.

ಬಯಸಿದ್ದೆಲ್ಲ ಸಿಕ್ಕಿತು ನನಗೆ. ಈಗ ನಾನೊಬ್ಬಳೇ ಕೂರುತ್ತೇನೆ. ಒಂದೊಂದು ಲಗ್ನಪತ್ರಿಕೆಯನ್ನೂ ಮೊದಲ ಸಾಲಿನಿಂದ ಟೈಪ್ ಮಾಡುತ್ತೇನೆ. ಹೊಸ ಸಿಸ್ಟಮ್ಮಿನಲ್ಲಿ ಏನಾದರೂ ತಿಳಿಯದಿದ್ದರೆ ಕೂಗಿ ಕೇಳುತ್ತೇನೆ. ಆಕೆ ಅಡುಗೆಮನೆಯಿಂದಲೇ "ಎಡಗಡೆ ಮ್ಯಾಲಿಂದು ಒತ್ರಿ ಅಕ್ಕಾರ" ಎಂದು ಹೇಳುತ್ತಾಳೆ. ಹೊಸ್ತಿಲು ದಾಟಿ ಬರುವುದಿಲ್ಲ.

ಏನೂ ಇಲ್ಲವೆಂದು ಯಾಕೆ ಹೇಳಿದಿರಿ ಎಂದು ಆಕೆ ಇವತ್ತಿಗೂ ಕೇಳಿಲ್ಲ. ಒಂದು ಸಲ ಕೇಳಬಾರದೇ? ಕೇಳಿದ್ದರೆ ಜಗಳವಾಡಬಹುದಿತ್ತು, ಬೈಯಬಹುದಿತ್ತು, ಅತ್ತೂಬಿಡಬಹುದಿತ್ತು. ಕೇಳುವುದಿಲ್ಲ ಅವಳು. ಸುಳ್ಳು ನಾನೂ ಹೇಳಿದೆ, ಆಕೆಯೂ ಹೇಳಿದಳು. ಅದರಲ್ಲೂ ಆಕೆಯದೇ ಮೇಲಾಯಿತು. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.