ಹೇಮಾಶ್ರೀ ಹಚ್ಚಿದ ಹೊಳಪು

ಗಂಡಸಿ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹೇಮಾಶ್ರೀಗೆ ಹೊಳಪು ಎಂಬ ಮಾತು ಕಿವಿಗೆ ಬಿದ್ದರೇ ಮೈ ಉರಿಯುತ್ತದೆ. ಮದುಮಗಳು ಎಂದು ಬಂದವರೆಲ್ಲ ಕೇಳುವುದು ಅದೊಂದನ್ನೇ. 'ಅಕ್ಕಾ, ಫೋಟೋದಲ್ಲಿ ಮುಖ ಫಳಫಳ ಅನ್ಬೇಕು.' ಹಾಗಾದರೆ ಸ್ಟೀಲ್ ತಟ್ಟೆ ಹಿಡಿದುಕೊಂಡು ನಿಲ್ಲಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಗಿರಾಕಿ ಅಲ್ಲವೇ, ನುಂಗಿಕೊಳ್ಳುತ್ತಾಳೆ.

ಮುಖಕ್ಕೆ ಹೊಳಪು ಕೊಡುವ ಹೈಲೈಟರ್ ಪುಡಿ ಸಾರಿನ ಉಪ್ಪಿನ ಹಾಗಿರಬೇಕು, ಹಾಕಿದ್ದಾರೆಂದು ಯಾರಿಗೂ ಅನ್ನಿಸಬಾರದು ಎನ್ನುವುದು ಅವಳ ಹಟ. ಈ ಹಟ ಒಪ್ಪಿಕೊಂಡು ಬಂದವಳು ಹರ್ಷಿತಾ ಒಬ್ಬಳೇ.

ಹರ್ಷಿತಾಳದು ಎಣ್ಣೆಗಪ್ಪು ಬಣ್ಣ. ಚಿಕ್ಕವಳಿದ್ದಾಗಿನಿಂದ ಯಾವ ಸಮಾರಂಭವಿದ್ದರೂ ಸೋದರತ್ತೆ ಲಲಿತಮ್ಮ ಹಿಡಿದು ಕೂರಿಸಿ ಮುಖದ ತುಂಬ ಪೌಡರ್ ಬಳಿಯುತ್ತಿದ್ದರು. ಮನೆಯ ಫೋಟೋಗಳಲ್ಲೆಲ್ಲ ಮುಖ ಒಂದು ಬಣ್ಣ, ಕತ್ತು ಇನ್ನೊಂದು. 'ಅಕ್ಕಾ, ಬೆಳ್ಳಗೆ ಮಾತ್ರ ಮಾಡ್ಬೇಡಿ. ಮದುವೆ ಫೋಟೋದಲ್ಲಾದ್ರೂ ನಾನು ನನ್ನ ಥರಾನೇ ಇರ್ಬೇಕು' ಎಂದು ಅವಳು ಕೇಳಿದಾಗ ಹೇಮಾಶ್ರೀಗೆ ಆ ಹುಡುಗಿಯನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

ಟ್ಯೂಬ್‌ಲೈಟನ್ನು ನಂಬದೆ ಅವಳನ್ನು ಬಾಲ್ಕನಿಗೆ ಕರೆದೊಯ್ದು, ಬಿಸಿಲಲ್ಲಿ ಕೆನ್ನೆಯ ಮೇಲೆ ಪುಡಿಗಳನ್ನು ಹಚ್ಚಿ ನೋಡಿದಳು. ಬೆಳ್ಳಿ ಬಣ್ಣದ್ದು ಬೂದಿ ಬಳಿದಂತೆ ಕಂಡಿತು. ಮಿಣುಕು ಚೂರುಗಳಿದ್ದದ್ದು ರಂಗೋಲಿ ಪುಡಿ ಚೆಲ್ಲಿದಂತಿತ್ತು. ತಾಮ್ರದ ಛಾಯೆಯ ನುಣುಪಾದ ಪುಡಿ ಮಾತ್ರ ಚರ್ಮದೊಳಗೆ ಸೇರಿಕೊಂಡುಬಿಟ್ಟಿತು.

ಮದುವೆ ಅರಸೀಕೆರೆಯ ಛತ್ರದಲ್ಲಿ. ಎಣ್ಣೆ-ಅರಿಶಿನದ ಸ್ನಾನ ಮುಗಿಸಿ ಬಂದ ಹುಡುಗಿಯ ಮುಖದಲ್ಲಿ ಕೊಬ್ಬರಿ ಎಣ್ಣೆ ಇನ್ನೂ ಜಿನುಗುತ್ತಿತ್ತು. ಅದರ ಮೇಲೆ ಪುಡಿ ಬಿದ್ದರೆ ಗಂಟುಗಟ್ಟುವುದು ಗ್ಯಾರಂಟಿ. ಹಲ್ಲು ಕಚ್ಚಿಕೊಂಡು ಎಲ್ಲ ಒರೆಸಿ, ಕ್ರೀಮು ಹಚ್ಚಿ, ಅದು ಹಿಡಿಯುವವರೆಗೂ ಕಾದಳು. ಮುಂದೆ ಮಂಟಪದಲ್ಲಿ ಶಾಸ್ತ್ರಕ್ಕೆಂದು ಮುತ್ತೈದೆಯರು ಅರಿಶಿನ ಹಚ್ಚುವಾಗ ಬೆರಳು ತಾಗುವುದು ಕೆನ್ನೆಯ ಕೆಳಭಾಗಕ್ಕೆ. ಅದಕ್ಕೇ ಬ್ರಷ್ಷಿಗೆ ಚೂರೇ ಚೂರು ಪುಡಿ ತಗೊಂಡು, ಕೊಡವಿ, ಕೆನ್ನೆಯ ಮೂಳೆಯ ಮೇಲೆ ಮಾತ್ರ ಸವರಿದಳು. ಮೂಗಿನ ಮೇಲೆ ಒಂದೇ ಗೆರೆ. ಮುಖ ಒಳಗಿನಿಂದಲೇ ಬೆಳಗಿದಂತೆ ಕಂಡಿತು.

ಅಷ್ಟರಲ್ಲಿ ಲಲಿತಮ್ಮ ಒಳಗೆ ಬಂದರು.

'ಅಯ್ಯೋ, ಮಗೀಗೆ ಎಷ್ಟ್ ಬೆವರು ಬಂದೈತೆ! ಒಂದ್ ಫ್ಯಾನ್ ಹಾಕ್ಬಾರ್ದೇನಮ್ಮಾ?' ಎನ್ನುತ್ತಲೇ ಸೆರಗಿನಿಂದ ಎರಡೂ ಕೆನ್ನೆ ಒರೆಸಿಬಿಟ್ಟರು.

'ಬೆವರಲ್ಲ ಕಣ್ರೀ, ಅದು ಹೈಲೈಟರು!'

'ಏನಾರ ಆಗ್ಲಿ, ಜಿಡ್ ಜಿಡ್ಡಾಗಿ ಕಾಣ್ತಿತ್ತು' ಎಂದು ಲಲಿತಮ್ಮ ಹೂವು ತರಲು ಹೋದರು. ಹೇಮಾಶ್ರೀ ಮತ್ತೆ ಹಚ್ಚಿದಳು. ಹೂವು ತಂದವರು ಮತ್ತೆ ಒರೆಸಿದರು. ಅಳುವುದೋ ಕಿರುಚುವುದೋ ತಿಳಿಯದೆ ಹೇಮಾಶ್ರೀ ಇನ್ನೊಮ್ಮೆ ಹಚ್ಚಿ, ಮಂಟಪದವರೆಗೂ ಲಲಿತಮ್ಮನಿಗೆ ಅಡ್ಡವಾಗಿಯೇ ನಡೆದಳು. ಮದುವೆ ಮಾಡಿಸುವುದಕ್ಕಿಂತ ಈ ಹೆಂಗಸಿನ ಸೆರಗು ಕಾಯುವುದೇ ದೊಡ್ಡ ಕೆಲಸವಾಗಿತ್ತು.

ಗಂಡಿನ ಕಡೆಯವರು ಬಂದು ಕೂತರು. ಫೋಟೋದವನು ಕ್ಯಾಮೆರಾ ಎತ್ತಿದ. ಅದೇ ಹೊತ್ತಿಗೆ ಲಲಿತಮ್ಮ ಸೊಂಟದಿಂದ ಕರ್ಚೀಫ್ ತೆಗೆದರು. ಅದರ ತುಂಬ ಪೌಡರ್! ಹೇಮಾಶ್ರೀ ಇದ್ದದ್ದು ಮಂಟಪದ ಆಚೆ ಬದಿಯಲ್ಲಿ, ಪುರೋಹಿತರನ್ನು ದಾಟಿ ಹೋಗುವಂತಿರಲಿಲ್ಲ.

ಕರ್ಚೀಫು ಕೆನ್ನೆಗೆ ತಾಗುವ ಮೊದಲೇ ಹರ್ಷಿತಾ ಅತ್ತೆಯ ಕೈ ಹಿಡಿದುಕೊಂಡಳು. ದನಿ ಏರಿಸಲಿಲ್ಲ.

'ಬೇಡ ಅತ್ತೆ. ಒರೆಸೋಕೆ ಇದು ಬೆವರಲ್ಲ, ನನ್ನ ಮುಖ.'

ಲಲಿತಮ್ಮ ಅವಳನ್ನೇ ನೋಡಿದರು. ಇಷ್ಟು ವರ್ಷ ಪೌಡರ್ ಬಳಿದ ಮುಖವನ್ನು ಸಮಾರಂಭವೊಂದರಲ್ಲಿ ಪೌಡರ್ ಇಲ್ಲದೆ ನೋಡಿದ್ದು ಅವರಿಗೂ ಅದೇ ಮೊದಲಿರಬೇಕು. ಕರ್ಚೀಫ್ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಫೋಟೋದವನು ಕ್ಲಿಕ್ಕಿಸಿದ.

ಊಟದ ಪಂಕ್ತಿಯಲ್ಲಿ ಹೇಮಾಶ್ರೀ ಅನ್ನ ಕಲಸುತ್ತಿರುವಾಗ ಹಿಂದಿನ ಸಾಲಿನಿಂದ ಲಲಿತಮ್ಮನ ದನಿ ಕೇಳಿಸಿತು. ಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದರು:

'ನಮ್ ಹುಡುಗಿ ಏನೂ ಹಚ್ಕಳ್ದೇನೇ ಎಷ್ಟ್ ಲಕ್ಷಣವಾಗವ್ಳೆ ನೋಡ್ರಿ. ಆ ಪಾರ್ಲರ್‌ನೋಳು ಬೆಳಗ್ಗಿಂದ ರೂಮ್ನಾಗೆ ಕೂತು ಅದೇನ್ ಮಾಡಿದ್ಲೋ, ಆ ದೇವ್ರೇ ಬಲ್ಲ!'