ಅತ್ತೆ ಅಳಿಸಿ, ಅತ್ತೆಯೇ ಬರೆದ ಗುರುತು

ಎರಡು ವರ್ಷದ ಹಿಂದಿನ ಮೆಣಸಿನಕಾಯಿ ಸುಗ್ಗಿ. ಕದರಮಂಡಲಗಿ ಕಡೆಯ ಹೊಲಗಳ ನಡುವೆ ನಮ್ಮದು ನಾಲ್ಕೇ ಮನೆ. ಆ ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಾನು, ನನ್ನ ಅತ್ತೆ, ಪಕ್ಕದ ಮನೆಯ ಫಕೀರಪ್ಪ ಕಾಕಾ ಮತ್ತು ಡ್ರೋನ್ ತಂದಿದ್ದ ಸರ್ವೆ ಸಾಹೇಬರು ಇದ್ದೆವು.

ಹಳೆಯ ನಕ್ಷೆಯಲ್ಲಿ ನಮ್ಮ ಮನೆಗಳಿರುವ ಜಾಗ ಬರೀ ಹೊಲ. ರಸ್ತೆಗೆಂದು ಕೊಟ್ಟ ಅರ್ಜಿ, ಅಲ್ಲಿ ವಸತಿಯೇ ಇಲ್ಲವೆಂದು ವಾಪಸ್ ಬಂದಿತ್ತು. ಮಳೆ ಬಿದ್ದರೆ ಎರೆಮಣ್ಣಿನ ಬಂಡಿದಾರಿಯಲ್ಲಿ ಹೂತ ಕಾಲು ಕೀಳುವುದೇ ಕಷ್ಟ. ಹೊಸ ನಕ್ಷೆಯಲ್ಲಾದರೂ ನಾವು ಕಾಣಬೇಕಿತ್ತು.

ಹಿಂದಿನ ಸಂಜೆ ಸಾಹೇಬರು ಅಂಗಳದಲ್ಲಿ ಒಂದು ಮೊಳೆ ಬಡಿದು, ಆ ಜಾಗವನ್ನು ಅಳೆದುಕೊಂಡು, ಮೇಲಿನಿಂದ ಕಾಣಲೆಂದು ಅದರ ಮೇಲೆ ಸುಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಹಾಕಿದ್ದರು. ಬ್ಯಾಡಗಿಗೆ ಹೋಗಿದ್ದ ಅತ್ತೆ ಕತ್ತಲಾದ ಮೇಲೆ ಬಂದರು, ಅದು ಕಣ್ಣಿಗೆ ಬೀಳಲಿಲ್ಲ; ಹೇಳಲು ನನಗೂ ನೆನಪಾಗಲಿಲ್ಲ. ಬೆಳಗಾಗೆದ್ದು ನೋಡಿದರೆ, ಅಮಾವಾಸ್ಯೆ ದಿನ ಬಾಗಿಲ ಮುಂದೆ ಬಿಳಿ ಕತ್ತರಿ! ಯಾರೋ ಮಾಟ ಮಾಡಿದ್ದಾರೆಂದು, ನಾನು ಹಾಲು ಕರೆದು ಬರುವಷ್ಟರಲ್ಲಿ ಇಡೀ ಅಂಗಳ ಸಗಣಿ ಹಾಕಿ ಸಾರಿಸಿಬಿಟ್ಟಿದ್ದರು.

"ಅಯ್ಯ ಅತ್ತಿ, ಅದು ನಕಾಶಿ ಗುರುತರೀ!" ಎಂದೆ.

ಸಾಹೇಬರು ತಲೆ ಮೇಲೆ ಕೈ ಹೊತ್ತರು. "ಗುರುತ ಇಲ್ದ ಹಾರಿಸಿದ್ರ ಈ ಮೂಲಿ ನಕಾಶಿಯೊಳಗ ಸರಿ ಕುಂದ್ರೂದಿಲ್ರಿ. ನಾಳೆ ರಾಣೆಬೆನ್ನೂರ ಕಡೆ ಹೋಗಬೇಕು. ಸುಣ್ಣನೂ ಖಾಲಿ ಆಗೇತಿ."

"ನಮ್ಮ ವೈನಿ ಊರಿಗೂರನ್ನs ಸಾರಿಸಿ ಒಗದ್ಲ ನೋಡ್ರಿ" ಎಂದರು ಕಾಕಾ.

"ಬಾಯಿ ಮುಚ್ಚೋ ಫಕೀರಾ!" ಅತ್ತೆ ಸೆರಗು ಬಿಗಿದರು. "ಮೊಳಿ ಎಲ್ಲಿ ಹೋಗತೈತಿ? ಸಾರಸೂ ಮುಂದ ಅಂಗೈಗೆ ಚುಚ್ಚೇತಿ."

ಮಂಡಿಯೂರಿ ಹಸಿ ಸಗಣಿಯ ಮೇಲೆ ಅಂಗೈ ಆಡಿಸಿದರು. ಮೊಳೆ ಸಿಕ್ಕಿತು. ಒಳಗೆ ಹೋಗಿ ರಂಗೋಲಿ ಡಬ್ಬಿ ತಂದರು. ಹಿಟ್ಟು ಹಿಡಿದ ಕೈ ಮಾತ್ರ ಮುಂದೆ ಹೋಗಲೊಲ್ಲದು.

"ಅಮಾಸಿ ದಿನ ನನ್ನ ಬಾಗಲಕ್ಕ ನಾನs ಕತ್ರಿ ಹಾಕೂ ಹಂಗಾತಲ್ಲೋ ಹನುಮಪ್ಪಾ! ರಸ್ತಾ ಕೊಡಂಗಿದ್ರ ಇದನ್ನs ನಿನ್ನ ಪೂಜಿ ಅಂತ ತಿಳ್ಕೋ."

ಎಳೆದರು ನೋಡಿ, ದಪ್ಪಗೆ, ನೆಟ್ಟಗೆ!

ಡ್ರೋನ್ ಮೇಲೇರಿತು. ಸಾಹೇಬರ ಕೈಯಲ್ಲಿದ್ದ ಪರದೆಯ ಮೇಲೆ ಕೆಂಪು ಮೆಣಸಿನಕಾಯಿ ರಾಶಿ, ಪಕ್ಕದಲ್ಲಿ ಬಿಳಿ ಗುರುತು, ನಮ್ಮ ನಾಲ್ಕು ಸೂರು, ಬಂಡಿದಾರಿ.

"ಬಂತ್ರಿ ಯವ್ವಾ, ನಿಮ್ಮ ಊರು ಬಂತು!" ಎಂದು ಸಾಹೇಬರು ಕೂಗಿದರು.

ಕಾಕಾ ಟವೆಲ್ಲನ್ನೇ ಮೇಲಕ್ಕೆ ತೂರಿದರು. ಆ ಕೂಗು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ.

ಈ ವರ್ಷ ರಸ್ತೆ ಮುಗಿಯಿತು. ಮೊದಲು ಬಂದದ್ದು ಹಾಲಿನ ಗಾಡಿ. ಅತ್ತೆ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿ, ಹೊಸ ಡಾಂಬರಿನ ಮೇಲೆ ರಂಗೋಲಿ ಹಾಕಲು ಕುಳಿತರು. ಮುಗಿಯುವವರೆಗೂ ಡ್ರೈವರ್ ಗಾಡಿ ಬಂದ್ ಮಾಡಿಕೊಂಡು ಕಾದ.